ಟೊಳ್ಳು ಎಳೆಯೊಳಗಿನ ಬೆಳಕು

"ನನ್ನ ಫೈಬರ್‌ನ ಫೇಲ್ ಮಾಡಿದ್ದು ನೀವೇನಾ?"

ಅವನು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ವಿಕಿರಣ ಪರೀಕ್ಷೆಯ ಕಟ್ಟಡದ ಹಿಂದಿನ ಮೆಟ್ಟಿಲಿಗೆ ಅವನನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ. ತಲೆಯೆತ್ತಿ ನೋಡಿದ. ಎದುರಿಗೆ ಒಬ್ಬ ಯುವತಿ. ಕೈಯಲ್ಲಿ ಸೂಟ್‌ಕೇಸ್, ಮುಖದಲ್ಲಿ ಪ್ರಯಾಣದ ದಣಿವು, ಕಣ್ಣಲ್ಲಿ ಮಾತ್ರ ದಣಿಯದ ಸಿಟ್ಟು.

"ನಾನಲ್ಲ, ಮೆಷಿನ್ನು," ಎಂದ.

"ಮೆಷಿನ್ನು ಸಹಿ ಹಾಕಲ್ಲ. ರಿಪೋರ್ಟಲ್ಲಿ ಇರೋದು ನಿಮ್ಮ ಸಹಿ."

ಅವನು ಡಬ್ಬಿಯನ್ನೇ ಅವಳತ್ತ ಚಾಚಿದ. "ಊಟ ಆಯ್ತಾ?"

"ಮಾತು ಮರೆಸ್ಬೇಡಿ," ಎಂದಳು. ಸೂಟ್‌ಕೇಸ್ ಕೆಳಗಿಟ್ಟು, "ಆಗಿಲ್ಲ," ಎಂದು ಪಕ್ಕದಲ್ಲಿ ಕೂತಳು.

ದೂರದ ಊರಿನ ಕಾರ್ಖಾನೆಯಲ್ಲಿ ಅವಳು ಗಾಜನ್ನು ಕಾಯಿಸಿ ಕೂದಲಿನಷ್ಟು ತೆಳ್ಳಗೆ ಎಳೆಯುವ ಇಂಜಿನಿಯರ್. ಮಾಮೂಲಿ ಫೈಬರ್‌ನಲ್ಲಿ ಬೆಳಕು ಗಾಜಿನೊಳಗೇ ಹರಿಯುತ್ತದೆ. ವಿಕಿರಣ ತಾಗಿದರೆ ಗಾಜಿನಲ್ಲಿ ಕಣ್ಣಿಗೆ ಕಾಣದ ಊನಗಳು ಹುಟ್ಟಿ ಬೆಳಕನ್ನು ಕುಡಿದುಬಿಡುತ್ತವೆ. ಅವಳ ಫೈಬರ್‌ನ ನಡುವೆ ಟೊಳ್ಳು. ಬೆಳಕು ಆ ಟೊಳ್ಳಿನ ಗಾಳಿಯಲ್ಲಿ ಹೋಗುತ್ತದೆ, ಗಾಜನ್ನು ಸೋಕುವುದೇ ಅಪರೂಪ. ಅಣುಸ್ಥಾವರದ ಒಳಗಿನ ಉಪಕರಣಗಳಿಗೆ ಇದೇ ಸರಿ ಎಂದು ಅವಳು ಎಲ್ಲರನ್ನೂ ಒಪ್ಪಿಸಿದ್ದಳು. ಪರೀಕ್ಷೆಯಲ್ಲಿ ಬೆಳಕು ಅರ್ಧಕ್ಕರ್ಧ ಕುಸಿದಿತ್ತು. ಇನ್ನೊಮ್ಮೆ ಹಾಗೇ ಆದರೆ ಅವಳ ವಿಭಾಗಕ್ಕೆ ಬೀಗ.

"ಬೆಳಕು ಗಾಜಲ್ಲಿ ಹೋಗ್ತಾನೇ ಇಲ್ಲ ಅಂದ್ಮೇಲೆ ಮಂಕಾಗೋದು ಹೇಗೆ? ಅಷ್ಟು ಹೇಳಿ ಸಾಕು."

"ಗೊತ್ತಿಲ್ಲ," ಎಂದ. "ನೋಡೋಣ."

ಮರುದಿನದಿಂದ ಇಬ್ಬರೂ ನಿಯಂತ್ರಣ ಕೊಠಡಿಯಲ್ಲಿ ಅಕ್ಕಪಕ್ಕ ಕೂತರು. ಆಳುದ್ದ ದಪ್ಪದ ಗೋಡೆಯ ಆಚೆ, ನೀರಲ್ಲಿ ಮುಳುಗಿಸಿಟ್ಟಿದ್ದ ವಿಕಿರಣದ ಮೂಲ ಪರೀಕ್ಷೆಗೆಂದು ಮೇಲೇಳುತ್ತಿತ್ತು. ಈಚೆ ಪರದೆಯ ಮೇಲೆ, ಎಳೆಯಲ್ಲಿ ಹಾದುಬರುವ ಬೆಳಕನ್ನು ತೋರಿಸುವ ಒಂದು ಹಸಿರು ಗೆರೆ. ಅದನ್ನು ಕಾಯುವುದಷ್ಟೇ ಕೆಲಸ.

"ನೀವು ಯಾವಾಗ್ಲೂ ಇಷ್ಟೇನಾ ಮಾತಾಡೋದು?"

"ಇಲ್ಲಿ ಮಾತಾಡೋಕೆ ಯಾರಿದಾರೆ?"

"ಮನೇಲಿ?"

"ಅತ್ತೆ ಇದಾರೆ. ಹೆಂಡತಿ ತೀರ್ಕೊಂಡ್ಲು."

ಅವಳು 'ಅಯ್ಯೋ' ಎನ್ನಲಿಲ್ಲ. ಅವನಿಗೆ ಅದೇ ಹಿಡಿಸಿತು. ತನ್ನ ಪಾಡು ಹೇಳಿದಳು: "ನಮ್ಮಲ್ಲಿ ಮೇಲೆ ಕುಲುಮೆ, ಕೆಳಗೆ ನಾನು. ಇಡೀ ದಿನ ಒಂದು ಎಳೆ ನೋಡ್ಕೊಂಡು ನಿಂತಿರ್ತೀನಿ. ಸಂಜೆ ರೂಮಿಗೆ ಹೋಗಿ ಫೋನ್ ಎತ್ತಿದ್ರೆ ನನ್ನ ದನಿ ನನಗೇ ಗುರುತು ಸಿಗಲ್ಲ."

ಗಾಜಿನ ಚೂರು ಹೊಕ್ಕು ಮಾಯ್ದ ಸಣ್ಣ ಬಿಳಿ ಗುರುತುಗಳು ಅವಳ ಬೆರಳ ತುದಿಗಳಲ್ಲಿದ್ದವು. ಅವನು ಅವನ್ನೇ ನೋಡುತ್ತಿದ್ದ.

"ಗೆರೆ ಆ ಕಡೆ ಇದೆ," ಎಂದಳು ಪರದೆಯಿಂದ ಕಣ್ಣು ಕೀಳದೆ. ಅವನ ಕಿವಿ ಬಿಸಿಯಾಯಿತು. ಅವಳ ತುಟಿಯಂಚಿನ ನಗು ಬಹಳ ಹೊತ್ತು ಆರಲಿಲ್ಲ.

ಬೆಳಕು ಮತ್ತೆ ಕುಸಿಯಿತು. ಅವಳು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವನು ಮೂಲವನ್ನು ನೀರಿಗಿಳಿಸಿ, ಫೈಬರ್ ಸುರುಳಿಯನ್ನು ಹೊರತಂದು, ಅದರ ಎರಡೂ ತುದಿಗಳನ್ನು ಕತ್ತರಿಸಿ, ಅವುಗಳಲ್ಲಷ್ಟೇ ಬೆಳಕು ಹಾಯಿಸಿ ನೋಡಿದ.

"ಇಲ್ಬನ್ನಿ. ಮಂಕಾಗಿರೋದು ನಿಮ್ಮ ಎಳೆ ಅಲ್ಲ. ಮೆಷಿನ್ನಿಗೆ ಜೋಡಿಸೋಕೆ ಅಂತ ತುದಿಗೆ ಬೆಸೆದಿರೋ ಮಾಮೂಲಿ ಫೈಬರ್."

ಅವಳು ಬಗ್ಗಿ ನೋಡಿದಳು. "ಎಳೆ ಗಿಡ್ಡ ಕಳಿಸಿದ್ದು ನಾನು."

"ಬೆಸುಗೆನ ವಿಕಿರಣದ ರೂಮೊಳಗೇ ಬಿಟ್ಟಿದ್ದು ನಾನು."

"ಹಾಗಾದ್ರೆ ಜಗಳ ಆಡೋಕೆ ಇನ್ನೇನೂ ಉಳೀಲಿಲ್ಲ."

ಉಳಿಯಲಿಲ್ಲವಲ್ಲ ಎಂದು ಅವನಿಗೆ ಪಿಚ್ಚೆನ್ನಿಸಿತು.

ಸೂಟ್‌ಕೇಸಿನಿಂದ ಅವಳು ಉದ್ದದ ಸುರುಳಿ ತೆಗೆದಳು. ಈ ಬಾರಿ ಬೆಸುಗೆಗಳು ಗೋಡೆಯ ಈಚೆ ಉಳಿದವು, ಟೊಳ್ಳು ಎಳೆಯಷ್ಟೇ ಒಳಗೆ ಹೋಯಿತು. ಹೋಲಿಕೆಗೆಂದು ಇಟ್ಟ ಮಾಮೂಲಿ ಫೈಬರ್‌ನ ಬೆಳಕು ಇಳಿಯುತ್ತ ಹೋದರೂ ಅವಳ ಗೆರೆ ಅಲುಗಾಡಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಕೈ ಅವನ ಮೊಣಕೈ ಹಿಡಿದಿತ್ತು. ಅದು ಅವಳಿಗೆ ಗೊತ್ತಾದದ್ದು ತಡವಾಗಿ.

ಅವಳು ಬಂದ ದಿನ ಸಂಜೆಯೇ ಮನೆಯಲ್ಲಿ ಅತ್ತೆ ಡಬ್ಬಿಯನ್ನು ತಿರುಗಿಸಿ ನೋಡಿದ್ದರು. ಮಗಳಿದ್ದಾಗ ಅಳಿಯನಿಗೆ 'ನೀವು' ಎನ್ನುತ್ತಿದ್ದವರು, ಅವಳು ಹೋದಮೇಲೆ 'ನೀನು' ಎನ್ನತೊಡಗಿದ್ದರು.

"ನೀನು ಯಾವತ್ತೂ ಇಷ್ಟು ಚೆನ್ನಾಗಿ ತೊಳೆದವನಲ್ಲ. ಯಾರೋ ಅದು?"

"ಗಾಜಿನ ಫ್ಯಾಕ್ಟರಿಯವರು, ಅತ್ತೆ. ಕೆಲಸಕ್ಕೆ ಬಂದಿದಾರೆ."

"ಹೂಂ," ಎಂದರು. ಅಲ್ಲಿಂದಾಚೆ ಡಬ್ಬಿಯಲ್ಲಿ ಇಬ್ಬರ ಊಟ ಇರುತ್ತಿತ್ತು. ಸಂಜೆ, "ನಿನ್ನ ಗಾಜಿನ ಹುಡುಗಿ ಉಪ್ಪು ಸಾಕು ಅಂದ್ಲಾ?" ಎಂದು ಕೇಳುತ್ತಿದ್ದರು.

ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಾಗಲೆಲ್ಲ ಅವನಿಗೆ ಒಂದೇ ಯೋಚನೆ. ಈ ಮನೆಗೆ ಬೇರೊಬ್ಬಳು ಬಂದರೆ ಇವರು ಎಲ್ಲಿಗೆ ಹೋಗಬೇಕು? ಬೇರೆ ಮಕ್ಕಳಿಲ್ಲ. ಕೇಳಿದರೆ ಇವರು ಬೇಡ ಎನ್ನುವವರಲ್ಲ. ಕೇಳಲು ಬಾಯಿ ಬಾರದ್ದು ಅದಕ್ಕೇ.

ಹೊರಡುವ ದಿನ ಅವಳು ಗೇಟಿನ ಬಳಿ ಟ್ಯಾಕ್ಸಿಗೆ ಕಾಯುತ್ತಿದ್ದಳು.

"ಹುಷಾರಾಗಿ ಹೋಗ್ಬನ್ನಿ," ಎಂದ.

"ಅಷ್ಟೇನಾ?"

"ಅತ್ತೆಗೆ ನನ್ನ ಬಿಟ್ರೆ ಯಾರೂ ಇಲ್ಲ."

"ಅವರನ್ನ ಬಿಡಿ ಅಂತ ನಾನು ಹೇಳ್ಲಿಲ್ಲವಲ್ಲ."

"ಹೇಳ್ಲಿಲ್ಲ."

"ನೀವೂ ಏನೂ ಹೇಳ್ಲಿಲ್ಲ."

ಟ್ಯಾಕ್ಸಿ ಬಂತು. ಅವಳು ಹಿಂತಿರುಗಿ ನೋಡದೆ ಹತ್ತಿದಳು.

ಅವನು ಇಷ್ಟು ಬೇಗ ಮನೆಗೆ ಬಂದದ್ದು ಕಂಡು ಅತ್ತೆ ಒಲೆ ಆರಿಸಿ ಬಂದರು. "ಹೋದ್ಲಾ?"

"ಸಂಜೆ ಗಾಡಿ."

"ಕೇಳಿದ್ಯಾ?"

ಅವನು ತಲೆ ತಗ್ಗಿಸಿದ. ಅತ್ತೆ ಒಳಗೆ ಹೋದರು. ನೊಂದುಕೊಂಡರೇನೋ ಎಂದು ಅವನು ಬಾಗಿಲನ್ನೇ ನೋಡುತ್ತ ಕೂತ. ಅವರು ಬಂದಾಗ ಬಟ್ಟೆ ಬದಲಾಗಿತ್ತು, ತಲೆ ಬಾಚಿಕೊಂಡಿದ್ದರು.

"ನಡಿ ಸ್ಟೇಷನ್ನಿಗೆ. ನೀನು ಕೇಳೋ ಹೊತ್ತಿಗೆ ಅವಳ ತಲೆ ಹಣ್ಣಾಗಿರತ್ತೆ. ನಾನೇ ಕೇಳ್ತೀನಿ."

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅವಳು ಒಬ್ಬಳೇ ಕೂತಿದ್ದಳು. ಇಬ್ಬರನ್ನೂ ಕಂಡು ಎದ್ದು ನಿಂತಳು. ಅತ್ತೆ ಅವಳನ್ನು ಕೂರಿಸಿ ಪಕ್ಕದಲ್ಲಿ ಕೂತರು.

"ನನ್ನ ಮಗಳು ಹೋದ್ಮೇಲೆ ಇವನು ನನ್ನ ಕೈ ಬಿಡ್ಲಿಲ್ಲ. ಒಳ್ಳೆಯವನು, ಮಾತೊಂದು ಬರಲ್ಲ. ನಿನಗೆ ಇವನು ಒಪ್ಪಿಗೆಯಾದ್ರೆ ಜೊತೆಗೆ ಒಬ್ಬ ಮುದುಕಿ ಬರ್ತಾಳೆ. ಯೋಚನೆ ಮಾಡಿ ಹೇಳಮ್ಮ."

ಅವಳು ಅವನನ್ನು ನೋಡಿದಳು. "ನಿಮ್ಮ ಬಾಯಲ್ಲೂ ಒಂದ್ಸಲ ಕೇಳ್ಬೇಕು ನಾನು."

"ನೀವಿಲ್ದೆ ನಾಳೆ ಆ ರೂಮಲ್ಲಿ ಕೂರೋಕೆ ನನ್ನಿಂದಾಗಲ್ಲ," ಎಂದ. "ನನಗೆ ನೀವು ಬೇಕು."

ರೈಲು ಬಂದು ನಿಂತಿತು. ಅವಳು ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. "ಅಮ್ಮ, ನಾಳೆ ಕುಲುಮೆ ಹಚ್ಚಬೇಕು, ಹೋಗ್ಲೇಬೇಕು. ಆ ಕೆಲಸ ಮುಗಿಸಿ ಬರ್ತೀನಿ. ನಿಮ್ಮನೆಗೇ ಬರ್ತೀನಿ."

ಕಿಟಕಿಯಿಂದ ಅವಳ ಬೆರಳುಗಳು ಅವನ ಬೆರಳನ್ನು ಹಿಡಿದವು, ಗಾಡಿ ಬಿಡಿಸುವತನಕ.

ವಾಪಸು ಹೊರಟಾಗ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ನಡುವೆ ಅತ್ತೆ ನಿಂತುಬಿಟ್ಟರು. ಮಗಳು ತೀರಿಕೊಂಡ ದಿನವೂ ಅವನ ಎದುರಿಗೆ ಅಳದಿದ್ದವರು, ಈಗ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದರು. ಹತ್ತುವ, ಇಳಿಯುವ ಜನ ಪಕ್ಕದಲ್ಲೇ ಸಾಗಿಹೋದರು. ಅವನು ಅವರ ಕೆಳಗಿನ ಮೆಟ್ಟಿಲಿಗೆ ಇಳಿದು, ಅವರ ಹಣೆ ತನ್ನ ಭುಜಕ್ಕೆ ಎಟುಕುವಂತೆ ನಿಂತುಕೊಂಡ.