ಆಕಾಶಗಂಗೆಯ ನಡುವಿಗೆ ಬಿದ್ದ ಟಾರ್ಚು

ವಿದ್ಯಾವತಿಗೆ ಕತ್ತಲಲ್ಲಿ ಕಣ್ಣು ಕಾಣುತ್ತಿರಲಿಲ್ಲ.

ಹಗಲಿನಲ್ಲಿ ಎಲ್ಲರಂತೆ. ಹೊತ್ತು ಮುಳುಗಿದರೆ ಎದುರಿಗೆ ಕಪ್ಪು ಗೋಡೆ. ಇದು ಗೊತ್ತಿದ್ದದ್ದು ಕಲಬುರಗಿಯ ಕಣ್ಣಿನ ಡಾಕ್ಟರಿಗೆ ಮತ್ತು ಅವ್ವ ಶಂಕ್ರಮ್ಮನಿಗೆ ಮಾತ್ರ.

"ಮುಂದಿನ ವಾರ ನಿಶ್ಚಯ ಅದ. ಅಲ್ಲೀತನಕ ಬಾಯಿ ಬಿಡಬ್ಯಾಡ," ಎಂದಿದ್ದಳು ಅವ್ವ.

ನಿಶ್ಚಿತಾರ್ಥದ ವರ ಮೌನೇಶ, ಅವಳೇ ಪ್ರೀತಿಸಿದವನು, ಭೌತಶಾಸ್ತ್ರದ ಉಪನ್ಯಾಸಕ. ಇಷ್ಟು ದಿನ ಭೇಟಿಯೆಲ್ಲ ಹಗಲಲ್ಲಿ, ಲೈಬ್ರರಿಯಲ್ಲಿ. ಇವತ್ತು ಅವನು ಕರೆತಂದದ್ದು ಕಮಲಾಪುರದ ಆಚೆಯ ಕಲ್ಲುಬಯಲಿಗೆ, ಅಮಾವಾಸ್ಯೆಯ ರಾತ್ರಿ! ಜೊತೆಗೆ ಅವನ ತಂಗಿ ಮಲ್ಲಿಕಾ, ಮತ್ತು ನೀರಿನ ಡ್ರಮ್ಮಿನಷ್ಟು ಅಗಲದ ದೂರದರ್ಶಕ, ಅದಕ್ಕೆ ಜೋಡಿಸಿದ ಕ್ಯಾಮರಾ.

"ಅಲ್ನೋಡ್ರಿ, ನಮ್ಮ ಆಕಾಶಗಂಗೆಯ ನಟ್ಟನಡುವು. ಧೂಳು ಅಡ್ಡ ಅದ, ಬರಿಗಣ್ಣಿಗೆ ಕಾಣಂಗಿಲ್ಲ. ಈ ಕ್ಯಾಮರಾ ಒಂದು ತಾಸು ಕಣ್ಣು ತೆರಕೊಂಡ ಇರ್ತದ. ಬೆಳಕ ಮಾತ್ರ ಹಚ್ಚಬ್ಯಾಡ್ರಿ, ಚಿತ್ರ ಕೆಡ್ತದ," ಎಂದ ಮೌನೇಶ.

"ಅಣ್ಣಾ, ಆಕಾಶ ತೋರ್ಸು, ಹಲ್ಲ ತೋರಿಸ್ಬ್ಯಾಡ!" ಎಂದು ನಗುತ್ತ ಮಲ್ಲಿಕಾ ಚಹಾ ತರಲು ಕಾರಿನ ಕಡೆ ಹೋದಳು.

ವಿದ್ಯಾವತಿಯೂ ನಕ್ಕಳು, ಯಾವ ಕಡೆ ನೋಡಿ ನಗಬೇಕೆಂದು ತಿಳಿಯದೆ.

"ಬರ್ರಿ, ಇಲ್ಲಿ ಬಂದು ನೋಡ್ರಿ."

ಇಲ್ಲಿ ಅಂದರೆ ಎಲ್ಲಿ?... ಎಡಗಾಲು ಕಲ್ಲಿಗೆ ಎಡವಿ ಚಪ್ಪಲಿ ಕಳಚಿಹೋಯಿತು. ಮುಂದೆ ನೆಲವೋ, ಹಳ್ಳವೋ? ಕೈ ತಾನಾಗಿಯೇ ಮೊಬೈಲಿನ ಟಾರ್ಚ್ ಹಚ್ಚಿತು.

"ಆರಿಸ್ರೀ!" ಮೌನೇಶ ಚೀರಿದ.

ಬೆಚ್ಚಿ ಪಕ್ಕಕ್ಕೆ ಸರಿದಳು. ಭುಜ ಏನಕ್ಕೋ ಬಡಿಯಿತು. ಗಾಜು ಒಡೆದ ಸದ್ದು. ಮೊಬೈಲೂ ಬಿದ್ದು ಆರಿತು.

"ಕ್ಯಾಮರಾ ಹೋತು! ಒಂದ ಮಾತು ಹೇಳಿದ್ರ ಕೇಳಾಕ ಆಗಲ್ಲೇನ್ರಿ? ನನ್ನ ಕೆಲಸ ನಿಮಗ ಚೇಷ್ಟೆ ಆಗೇದಲ್ಲ?"

ತಪ್ಪಾಯಿತು ಎಂದರೆ ಸಾಕಿತ್ತು. ಬೈದು ಸುಮ್ಮನಾಗುತ್ತಿದ್ದ, ನಿಶ್ಚಯವೂ ನಡೆಯುತ್ತಿತ್ತು...

"ನನಗ ಕಾಣಂಗಿಲ್ರಿ," ಎಂದಳು. "ಕತ್ತಲಾದ್ರ ಏನೂ ಕಾಣಂಗಿಲ್ಲ. ಮುಂದ ಹಗಲಿನ್ಯಾಗೂ ಕಾಣ್ಲಿಕ್ಕಿಲ್ಲ ಅಂದಾರ ಡಾಕ್ಟರು."

ಅವನಿದ್ದ ಕಡೆಗೆ ಕಿವಿಗೊಟ್ಟಳು.

ಅವನ ಮುಖ ಹೇಗಾಗಿದೆ? ಇದ್ದಾನೋ, ಹೊರಟೇಹೋದನೋ? ದೂರದಲ್ಲಿ ನಾಯಿಯೊಂದು ಬೊಗಳಿ ನಿಲ್ಲಿಸಿತು.

"ಮೌನೇಶ... ಇದ್ದೀರೇನ್ರಿ?"

ಬೆರಳುಗಳು ಅವಳ ಮುಂಗೈ ಹಿಡಿದವು.

"ಇಲ್ಲೇ ಅದೀನಿ."

"ಅಂಜಿಕಿ ಬಂತೇನು?" ಕೇಳಿದಳು.

"ಬಂತು. ಸುಳ್ಳ ಯಾಕ ಹೇಳ್ಲಿ?"

"ಹಂಗಾದ್ರ... ಅವ್ವಗ ಏನಂತ ಹೇಳ್ಲಿ? ನಿಶ್ಚಯ..."

"ಹಗಲಿನ್ಯಾಗ ಇಟ್ಕೋರಿ ಅಂತ ಹೇಳ್ರಿ."

ಅವಳು ಅತ್ತಳು. ಅವನು ಕೈ ಬಿಡಲಿಲ್ಲ.

ಆ ರಾತ್ರಿ ಹೋದದ್ದು ಒಂದು ಕ್ಯಾಮರಾ, ಎಡಗಾಲಿನ ಒಂದು ಚಪ್ಪಲಿ.