ಬಾಯಿಬಿಟ್ಟು ಓದಬಾರದ ಭಾಷಣ

“ಈ ಕಟ್ಟನ್ನ ಮಾತ್ರ ಮನಸ್ಸಲ್ಲೇ ಓದ್ಕೊಳ್ಳಿ. ಬಾಯಿಬಿಟ್ಟು ಓದಬೇಡಿ,” ಎಂದರು ದಾಖಲೆ ಕೋಣೆಯ ಹಿರಿಯ ಗುಮಾಸ್ತರು. “ಅಕಸ್ಮಾತ್ ಬೇರೆ ಯಾರಾದ್ರೂ ಓದ್ತಿದ್ರೆ, ಅದರಲ್ಲಿ ಒಂದು ಮಾತನ್ನೂ ತಿರುಗಿ ಹೇಳಬೇಡಿ. ಹೇಳಿದವರಿಗೆ ಅಂಟ್ಕೊಳ್ಳುತ್ತೆ.”

ಹೊಸದಾಗಿ ಸೇರಿದ್ದ ಬೆರಳಚ್ಚುಗಾರ್ತಿಗೆ ನಗು ಬಂತು. “ಏನ್ ಸಾರ್, ನೆಗಡಿನಾ?”

ಗುಮಾಸ್ತರು ನಗಲಿಲ್ಲ. ನೂರು ವರ್ಷದ ಹಿಂದಿನ ಮುಖಂಡರೊಬ್ಬರ ಪತ್ರ, ಭಾಷಣಗಳೆಲ್ಲ ಆ ನೆಲಮಾಳಿಗೆಯಲ್ಲಿ ಮುಗ್ಗು ಹಿಡಿದು ಬಿದ್ದಿದ್ದವು. ಬರೀ ಮಾತಿನಿಂದ ಚುನಾವಣೆ ಗೆದ್ದ ಮನುಷ್ಯ. ಸೋತವನು ಹೊಟ್ಟೆಯುರಿಗೆ ಮಾಟ ಮಾಡಿಸಿದ.

“ಆಮೇಲೆ ಭಾಷಣ ಶುರು ಮಾಡಿದ ಮುಖಂಡರಿಗೆ ನಿಲ್ಲಿಸೋಕೇ ಆಗಲಿಲ್ಲಮ್ಮ. ಉಸಿರು ನಿಂತ ಮೇಲೇ ಬಾಯಿ ನಿಂತಿದ್ದು. ಕಾರ್ಯದರ್ಶಿ ಪಕ್ಕದಲ್ಲಿ ಕೂತು ಕೈಲಾದಷ್ಟು ಬರ್ಕೊಂಡ. ಅದೇ ಇದು.”

“ಪಾಪ, ಕೇಳಿಸ್ಕೊಂಡವರ ಗತಿ ಏನಾಯ್ತೋ!” ಎಂದು ಅವಳು ಕಟ್ಟು ಬಿಚ್ಚಿದಳು.

ಹಗಲೆಲ್ಲ ಸತ್ತವರ ಅಕ್ಷರ ಕುಟ್ಟಿ, ಸಂಜೆ ಮನೆಗೆ ಹೋಗಿ ಕಣ್ಣು ಕಾಣದ ಅಪ್ಪನಿಗೆ ಪತ್ರಿಕೆ ಓದಿ ಹೇಳುವುದು ಅವಳ ಬದುಕು. ಒಂದೊಂದು ವಾಕ್ಯ ಮುಗಿದಾಗಲೂ ಅದರ ಕೊನೆಯ ಮಾತನ್ನು ಅಪ್ಪ ತಿರುಗಿ ಹೇಳುತ್ತಿದ್ದರು. ನಿದ್ದೆ ಹೋಗಿಲ್ಲ, ಕೇಳುತ್ತಿದ್ದೇನೆ ಎನ್ನುವುದಕ್ಕೆ ಗುರುತು. ಎಷ್ಟೇ ಸುಸ್ತಾಗಿದ್ದರೂ ಆ ದನಿ ಕೇಳಿದರೆ ಅವಳಿಗೆ ಸಮಾಧಾನ. ಅವಳಿಗೆ ಬೇರೆ ಯಾರಿದ್ದರು?

ಸಂಜೆಯಾಗುತ್ತ ಕಣ್ಣು ಉರಿಯತೊಡಗಿತು. ಶಾಯಿ ಮಾಸಿ ಅಕ್ಷರಗಳು ಕಣ್ಣಿಗೆ ಸಿಗಲೊಲ್ಲವು. ಬಿಡಿಸಲಾಗದ ಕೈಬರಹವನ್ನು ಬಾಯಿಬಿಟ್ಟು ಓದಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದು ಅವಳ ರೂಢಿ. ಬೇಗ ಮುಗಿದರೆ ಸಾಕಪ್ಪಾ ಎಂದುಕೊಂಡು ಓದಿದಳು.

“ಮಹಾಜನರೇ, ನಾನು ದಣಿದಿದ್ದೇನೆ. ಆದರೂ ನಿಮ್ಮ ಮುಂದೆ ನಿಂತಿದ್ದೇನೆ...”

ಕೂದಲು ಸುಟ್ಟ ವಾಸನೆ ಬಂತು. ದೀಪ ಮಂಕಾಯಿತು. ಬೀರುಗಳ ಹಿಂದಿನ ಕತ್ತಲಲ್ಲಿ ಕುರ್ಚಿಗಳು ಸರಿದ ಸದ್ದು. ಯಾರೋ ಕೆಮ್ಮಿದರು. ಹಾಳೆ ಮುಗಿಯಿತು. ಮಾತು ಮುಗಿಯಲಿಲ್ಲ. ತುಟಿ ಕಚ್ಚಿದಳು. ರಕ್ತ ಬಂತು. ಮಾತೂ ಬಂತು.

ಓಡಿ ಬಂದ ಗುಮಾಸ್ತರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಗೋಡೆಗೆ ತಿರುಗಿದರು. “ಅಷ್ಟು ಬಡ್ಕೊಂಡೆನಲ್ಲಮ್ಮಾ! ಹೋಗಿ, ಹೊರಗೆ ಹೋಗಿ! ನನಗೂ ಹೆಂಡ್ತಿ ಮಕ್ಕಳಿದ್ದಾರೆ!”

ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಭಾಷಣ ಕೇಳಿ ಕೇಳಿ ಜನಕ್ಕೆ ಸಾಕಾಗಿತ್ತು. ಅವಳ ಕಾಲು ಮಾತ್ರ ದಿನದ ದಾರಿ ಹಿಡಿದಿತ್ತು. ಮನೆಯ ತಿರುವಿಗೆ ಬಂದಾಗ ನೆನಪಾಯಿತು. ಅಪ್ಪ! ಒಳಗೆ ಹೋಗಬಾರದು. ಹಿಂದಕ್ಕೆ ತಿರುಗಿದಳು.

ಆದರೆ ಮಗಳು ಇನ್ನೂ ಬರಲಿಲ್ಲವಲ್ಲ ಎಂದು ಅಪ್ಪ ಬಾಗಿಲಲ್ಲೇ ಕೋಲೂರಿ ನಿಂತಿದ್ದರು.

“ಬಂದ್ಯಾ ಮಗಳೇ? ಇವತ್ತು ದಾರೀಲೇ ಶುರು ಮಾಡ್ಬಿಟ್ಯಲ್ಲ! ಯಾರದು ಭಾಷಣ?”

ಅವಳು ಬೇಡ ಬೇಡವೆಂದು ಕೈ ಬೀಸಿದಳು. ಅಪ್ಪನಿಗೆ ಹೇಗೆ ಕಾಣಬೇಕು? ಮುಷ್ಟಿಯನ್ನೇ ಬಾಯಿಗೆ ತುರುಕಿಕೊಂಡಳು. ಬೆರಳ ಸಂದಿಯಿಂದ ಮಾತು ಹೊರಬಿತ್ತು. “ನೀವೆಲ್ಲ ನನ್ನ ಹಿಂದೆ ಬನ್ನಿ.”

“ಹಿಂದೆ ಬನ್ನಿ,” ಎಂದರು ಅಪ್ಪ, ಎಂದಿನಂತೆ.

ಅವಳ ಬಾಯಿ ನಿಂತಿತು. ಅಪ್ಪನ ಬೆನ್ನು ನೆಟ್ಟಗಾಯಿತು. “ಮಹಾಜನರೇ...”

ಅಪ್ಪನನ್ನು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ನೀರು ಕುಡಿಸಿದಳು, ಮಾತಿನ ಜೊತೆ ಅದೂ ಹೊರಗೆ ಚೆಲ್ಲಿತು. ಕಾಲು ಹಿಡಿದು ಅಳುತ್ತ ನಡೆದದ್ದನ್ನೆಲ್ಲ ಹೇಳಿದಳು. ತಾನು ತಿರುಗಿ ಹೇಳಿದರೆ ಅದು ಅಪ್ಪನನ್ನು ಬಿಟ್ಟು ತನಗೆ ಬಂದುಬಿಡುತ್ತದೆ ಎಂದೂ ಹೇಳಿದಳು. ಅಪ್ಪನ ಕುರುಡು ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಾಯಿ ಭಾಷಣ ಮಾಡುತ್ತಲೇ ಇತ್ತು. ದನಿ ಒಡೆಯಿತು. ಉಸಿರು ಗಿಡ್ಡವಾಯಿತು.

ಇನ್ನು ನೋಡಲಾರೆ ಎನ್ನಿಸಿತು ಅವಳಿಗೆ. ಒಂದೇ ಒಂದು ಮಾತು ಸಾಕು. ಎದ್ದು, ಅಪ್ಪನ ಮುಖದ ಹತ್ತಿರ ಬಾಗಿ, ಹೇಳಲೆಂದು ಉಸಿರೆಳೆದುಕೊಂಡಳು.

ಆ ಉಸಿರು ಅಪ್ಪನಿಗೆ ಕೇಳಿಸಿತು. ಅವರ ಎಡಗೈ ಅವಳ ತಲೆಯ ಹಿಂದೆ ಬಿಗಿಯಿತು; ಬಲಗೈ ತಡಕಾಡುತ್ತ ಬಂದು ಅವಳ ಬಾಯಿ ಹುಡುಕಿ, ಗಟ್ಟಿಯಾಗಿ ಮುಚ್ಚಿತು. ಅವಳು ಕೊಸರಾಡಿದಳು. ಬಿಡಲಿಲ್ಲ. ಮಾತು ನಡೆದೇ ಇತ್ತು.

ಮಾತು ನಿಂತ ಮೇಲೂ ಕೈ ಸಡಿಲವಾಗಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಅವಳೇ ಬಿಡಿಸಿಕೊಳ್ಳಬೇಕಾಯಿತು.