ಅಂಬಾಸಿಡರಿನ ಮೇಲೆ ದೋಣಿ

ಹಾಸನ ದಾಟಿ ಸ್ವಲ್ಪ ಮುಂದೆ ಬಂದಿದ್ದರಷ್ಟೆ. ಸಂಕಪ್ಪ ಮಾವ ಬಾಯಲ್ಲಿದ್ದ ಎಲೆಯಡಿಕೆಯನ್ನು ಕಿಟಕಿಯಾಚೆ ಉಗಿದು, ಹವೆಯ ಬಗ್ಗೆ ಮಾತಾಡುವವರ ಹಾಗೆ ಆ ಮಾತು ತೆಗೆದರು.

"ತಿರುಗಾಟ ಮುಗಿಸಿ ಊರಿಗೆ ಹೋದ ಮೇಲೆ ಸೋಮವಾರ ವಕೀಲರ ಹತ್ರ ಹೋಗ್ಲಿಕ್ಕುಂಟು. ಹಳೇ ವಿಲ್ ರದ್ದು ಮಾಡಿ ಹೋಟೆಲನ್ನು ಶಶಿಪ್ರಭಾಳಿಗೆ ಬರೆದುಬಿಡುವಾ ಅಂತ. ಎಷ್ಟಾದ್ರೂ ಮಗಳಲ್ವಾ. ನಿನಗೆ ಬೇಸರ ಇಲ್ಲವಲ್ಲ?"

"ಎಂತ ಬೇಸರ ಮಾವ," ಎಂದ ಸರ್ವೋತ್ತಮ. ಸ್ಟೇರಿಂಗ್ ತಿರುಗಿಸಿ ಎದುರು ಬಂದ ಲಾರಿಗೆ ದಾರಿ ಬಿಟ್ಟ.

ಬೇಸರವಂತೆ! ಹದಿನೆಂಟನೇ ವಯಸ್ಸಿಗೆ ಕಾಲೇಜು ಬಿಡಿಸಿ ಹೋಟೆಲಿಗೆ ತಂದು ನಿಲ್ಲಿಸಿದವರು ಇದೇ ಮಾವ. ಅಂದಿನಿಂದ ಇಪ್ಪತ್ತು ವರ್ಷ, ಬೆಳಕು ಹರಿಯುವ ಮುಂಚೆ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಓಡಿ ಮೀನು ಆರಿಸಿದವನು ಅವನು. ಮಸಾಲೆಗೆ ಹುಳಿ ಹೆಚ್ಚಾಯಿತೇ ಎಂದು ಬಿಸಿ ಗಸಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದವನು ಅವನು. ಮಾವನ ನಂತರ ಅವರ ಅಕ್ಕತಂಗಿಯರ ಮಗನಾದ ಅಳಿಯ ಎಂಬುದು ಅವರ ಮನೆತನದಲ್ಲಿ ತಲೆತಲಾಂತರದ ಪದ್ಧತಿ. ಹತ್ತು ವರ್ಷದ ಹಿಂದೆ ಬರೆದ ವಿಲ್ಲಿನಲ್ಲೂ ಅವನ ಹೆಸರೇ ಇತ್ತು. ಶಶಿಪ್ರಭಾ ಮದುವೆಯಾಗಿ ಬೊಂಬಾಯಿ ಸೇರಿದವಳು, ವರ್ಷಕ್ಕೊಮ್ಮೆ ಬಂದರೆ ಹೋಟೆಲಿನ ಮೆಟ್ಟಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿಯುವವಳು. ಈಗ ಹೋಟೆಲು ಅವಳದ್ದು.

ಆ ಸೋಮವಾರ ಬರಲಿಕ್ಕೆ ಇನ್ನೂ ಹತ್ತೊಂಬತ್ತು ದಿನ ಇತ್ತು. ಅಷ್ಟರೊಳಗೆ ಮಾವ ಕಣ್ಣು ಮುಚ್ಚಿದರೆ ಹಳೆಯ ವಿಲ್ಲೇ ಗಟ್ಟಿ. ಚನ್ನರಾಯಪಟ್ಟಣ ಬರುವುದರೊಳಗೆ ಸರ್ವೋತ್ತಮ ಈ ಯೋಚನೆಯನ್ನು ಹೆದರದೆ ಯೋಚಿಸಲು ಕಲಿತಿದ್ದ. ಹೇಗೆ ಎಂಬುದಕ್ಕೆ ಅವನು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಉಪಾಯ ಅವನ ತಲೆಯ ಮೇಲೆಯೇ, ಕಾರಿನ ಕ್ಯಾರಿಯರಿನಲ್ಲಿ ಕವುಚಿ ಮಲಗಿತ್ತು.

ಅದು ಮಂಗಳೂರಿನ ಹೊಳೆಯಾಚೆ, ಬೆಂಗ್ರೆಯಲ್ಲಿರುವ ಮೀನುಗಾರ ಅಲಿಯಬ್ಬನ ದೋಣಿ. ಹಲಗೆ ಜೋಡಿಸಿ ಮಾಡಿದ, ಇಬ್ಬರು ಕೂರುವ ಸಣ್ಣ ದೋಣಿ. ಹೋಟೆಲಿಗೆ ಇಪ್ಪತ್ತೈದು ತುಂಬಿದ ಸಂಭ್ರಮಕ್ಕೆ ಅದನ್ನು ಅಂಬಾಸಿಡರಿನ ಮೇಲೆ ಕಟ್ಟಿಕೊಂಡು ಹಾಸನ, ಮೈಸೂರು, ಬೆಂಗಳೂರು, ತುಮಕೂರು ಎಂದು ಊರೂರು ಸುತ್ತಿ, ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, "ಮಂಗಳೂರಿಗೆ ಬಂದರೆ ನಮ್ಮಲ್ಲಿ ಮೀನೂಟ" ಎಂಬ ನೋಟೀಸು ಹಂಚಬೇಕು. ಇದು ಮಾವನ ತಲೆಯಲ್ಲಿ ಹುಟ್ಟಿದ ಹುಚ್ಚು. ಎಪ್ಪತ್ತೆಂಟನೇ ಇಸವಿಯ ಆ ಮಾರ್ಚ್ ತಿಂಗಳಲ್ಲಿ ಘಟ್ಟದ ಮೇಲಿನವರು ಕಾರಿನ ಮೇಲೆ ದೋಣಿ ಕಂಡು ಬಾಯಿ ಬಿಟ್ಟು ನೋಡಿದ್ದು ಹೌದು. ತಿರುಗಾಟ ಮುಗಿದ ಮೇಲೆ ದೋಣಿಯನ್ನು ಹೊಳೆ ದಾಟಿಸಿ ಅಲಿಯಬ್ಬನಿಗೆ ಒಪ್ಪಿಸಬೇಕಿತ್ತು. ಆ ಹೊಳೆಯ ನಡುವೆಯೇ ಮಾವನ ಕತೆ ಮುಗಿಯಬೇಕು.

ಮಾವನಿಗೆ ಈಜು ಬರುವುದಿಲ್ಲ. ಎಲ್ಲಿ ಕೂತರೂ ಪರಿಚಯದವರನ್ನು ಕಂಡರೆ ಎದ್ದು ನಿಂತು ಕೈ ಬೀಸುವ ಚಾಳಿ ಬೇರೆ. ಬೆಂಗ್ರೆಯ ದಡದಲ್ಲಿ ಅಲಿಯಬ್ಬ ಕಂಡ ಕೂಡಲೇ ಮಾವ ಏಳುತ್ತಾರೆ, ಆಗ ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿದರೆ ಸಾಕು, ಕೈ ತಾಗಿಸುವ ಅಗತ್ಯವೂ ಇಲ್ಲ. ಅಲಿಯಬ್ಬನೇ ಸಾಕ್ಷಿ: ಧಣಿಗಳು ಎದ್ದು ನಿಂತರು, ಬಿದ್ದರು. ಸರ್ವೋತ್ತಮನಿಗೂ ಈಜು ಬರುತ್ತಿರಲಿಲ್ಲ. ಅದನ್ನು ಅವನು ತನ್ನ ರಕ್ಷೆಯೆಂದೇ ಎಣಿಸಿದ. ಈಜು ಬಾರದವನು ಮಾವನ ಹಿಂದೆ ಯಾಕೆ ಹಾರಲಿಲ್ಲ ಎಂದು ಯಾವ ಪೊಲೀಸನೂ ಕೇಳಲಾರ.

ಇನ್ನು ಉಳಿದದ್ದು ದೋಣಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಕಾದ ಪುಣ್ಯಾತ್ಮ! ಕ್ಯಾರಿಯರಿನ ಕಂಬಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ಹಲಗೆಗೆ ಗೀರು ಬೀಳದಂತೆ ಗೋಣಿ ಹಾಸಿದ. ಮುಂದಿನ ಹಗ್ಗವನ್ನು ಬಂಪರಿಗೆ, ಹಿಂದಿನದ್ದನ್ನು ಡಿಕ್ಕಿಯ ಕೊಕ್ಕೆಗೆ ಬಿಗಿದ. ಓಟಕ್ಕೆ ಹಗ್ಗ ಗುಂಯ್‌ಗುಡುತ್ತದೆಂದು ಮಾವ ಗೊಣಗಿದಾಗ ಹಗ್ಗಕ್ಕೆ ಎರಡು ತಿರುವು ಕೊಟ್ಟು ಸದ್ದಡಗಿಸಿದ. ಐವತ್ತು ಕಿಲೋಮೀಟರಿಗೊಮ್ಮೆ ಇಳಿದು ಗಂಟು ಮುಟ್ಟಿ ನೋಡಿದ. ಟಾರ್ಪಾಲು ಗಾಳಿಗೆ ಪಟಪಟ ಬಡಿಯುತ್ತದೆಂದು ಮೈಸೂರಿನಲ್ಲೇ ಬಿಚ್ಚಿ ಡಿಕ್ಕಿಗೆ ಹಾಕಿದ. ಬಯಲುಸೀಮೆಯ ಬಿಸಿಲಿಗೆ ದೋಣಿಯ ಹೊಟ್ಟೆ ಮುಟ್ಟಿದರೆ ಕೈ ಸುಡುತ್ತಿತ್ತು.

"ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಳ್ತಿದ್ದೀಯಲ್ಲ ಮಾರಾಯ," ಎಂದು ಮಾವ ನಕ್ಕರು. "ಅಲಿಯಬ್ಬನ ದೋಣಿಗೆ ಏನೂ ಆಗಬಾರದಲ್ಲ ಮಾವ," ಎಂದ ಸರ್ವೋತ್ತಮ. ಜೀವನದಲ್ಲಿ ಅಷ್ಟು ನಿಜವಾದ ಮಾತನ್ನು ಅವನು ಆಡಿದ್ದು ಕಡಿಮೆ.

ಬೆಂಗಳೂರಿನಿಂದ ಅಲಿಯಬ್ಬನಿಗೆ ಕಾರ್ಡು ಬರೆದ: ಭಾನುವಾರ ಬೆಳಿಗ್ಗೆ ಹತ್ತೂವರೆಗೆ ದೋಣಿ ತರುತ್ತೇವೆ, ದಡದಲ್ಲಿರಿ. ಆ ಹೊತ್ತಿಗೆ ಬೆಂಗ್ರೆಯವರ ದೋಣಿಗಳೆಲ್ಲ ಇನ್ನೂ ಕಡಲಿನಲ್ಲಿರುತ್ತವೆ. ಶನಿವಾರ ಸಂಜೆ ಕುಲಶೇಖರದ ಇಳಿಜಾರಿನಲ್ಲಿ ಪೇಟೆಯ ಹೆಂಚಿನ ಮಾಡುಗಳು ಕಂಡಾಗ ಮಾವ ಉಸ್ಸೆಂದು ಕಾಲು ಚಾಚಿದರು; ಅವನು ದಕ್ಕೆಗೆ ಹೋಗಿ ನಾಳೆ ಕಡಲಿನ ಇಳಿತ ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬಂದ. ಹತ್ತು ಗಂಟೆಯಿಂದ ನೀರು, ಹೊಳೆ ಕಡಲು ಸೇರುವ ಅಳಿವೆಯತ್ತ ಎಳೆಯುತ್ತದೆ, ಬಿದ್ದದ್ದನ್ನು ನೇರ ಕಡಲಿಗೆ ಒಯ್ಯುತ್ತದೆ. ದಕ್ಕೆಯ ಗಂಡಸರೆಲ್ಲ ಅವನ ಪರಿಚಯದವರು, ಬಂಗುಡೆಯ ಕಿವಿರು ನೋಡಿ ಯಾವತ್ತು ಹಿಡಿದದ್ದೆಂದು ಹೇಳಬಲ್ಲವನೆಂದು ಅವರಿಗೂ ಅವನ ಮೇಲೆ ಗೌರವ. ಮೀನು ಬುಟ್ಟಿಗೆ ಬಿದ್ದ ಮೇಲಿನದ್ದೆಲ್ಲ ಅವನಿಗೆ ಗೊತ್ತಿತ್ತು.

ಭಾನುವಾರ ಹೋಟೆಲಿನ ನಾಲ್ಕು ಸಪ್ಲೈಯರುಗಳು ದೋಣಿಯನ್ನು ಕಾರಿನಿಂದಿಳಿಸಿ, ಬಂದರಿನ ಆಚೆ ಜನವಿಲ್ಲದ ಇಳಿಜಾರಿನಲ್ಲಿ ನೀರಿಗೆ ಬಿಟ್ಟು, ಮಧ್ಯಾಹ್ನದ ಊಟದ ತಯಾರಿಗೆ ಹೊತ್ತಾಯಿತೆಂದು ಓಡಿದರು. ಮಾವ ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟು, ಅಲಿಯಬ್ಬನ ಹೆಂಡತಿ ಬೀಫಾತಿಮ್ಮಳಿಗೆಂದು ಮೈಸೂರಿನಲ್ಲಿ ಕೊಂಡ ಸೀರೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತರು. ಸರ್ವೋತ್ತಮ ಹಿಂದೆ ಕೂತು ಹುಟ್ಟು ಹಾಕಿದ. ತಿರುಗಾಟಕ್ಕೆ ಹೊರಡುವ ಮುಂಚೆ ಅಲಿಯಬ್ಬನೇ ಎರಡು ದಿನ ಅದನ್ನು ಕಲಿಸಿಕೊಟ್ಟಿದ್ದ.

"ಕಾಲು ಒದ್ದೆ ಆಗ್ತದಲ್ಲ," ಎಂದರು ಮಾವ, ಸ್ವಲ್ಪ ದೂರ ಹೋದ ಮೇಲೆ.

"ಹುಟ್ಟಿನಿಂದ ಸಿಡಿದ ನೀರು ಮಾವ. ಮುಂಡು ಎತ್ತಿ ಕಟ್ಟಿಕೊಳ್ಳಿ."

ಅವನ ಕಣ್ಣು ದಡದ ಮೇಲಿತ್ತು. ಹುಟ್ಟು ಯಾಕೋ ಭಾರವಾಗಿತ್ತು, ದೋಣಿ ಕೆಸರಿನಲ್ಲಿ ಹೋದ ಹಾಗೆ ಹೋಗುತ್ತಿತ್ತು. ಹೆದರಿಕೆಗೆ ಕೈಯ ಶಕ್ತಿ ಇಳಿದಿದೆಯೆಂದು ತನ್ನನ್ನೇ ಬೈದುಕೊಂಡು ಇನ್ನಷ್ಟು ಜೋರಾಗಿ ಹುಟ್ಟು ಹಾಕಿದ. ನಡುಹೊಳೆ ಬಂತು. ಬೆಂಗ್ರೆಯ ಮರಳಿನ ಮೇಲೆ ತಲೆಗೆ ಬಿಳಿ ಬಟ್ಟೆ ಸುತ್ತಿದ ಅಲಿಯಬ್ಬ ಕಂಡ.

ಮಾವ ಎದ್ದರು. "ಓ ಅಲಿಯಬ್ಬಾ" ಎಂದು ಕೈಯೆತ್ತಿದರು. ಐದು ವರ್ಷದವನಿದ್ದಾಗ ಅದೇ ಕೈಯ ಬೆರಳು ಹಿಡಿದು ಶಾಲೆಗೆ ಹೋದದ್ದು ಸರ್ವೋತ್ತಮನಿಗೆ ನೆನಪಾಯಿತು, ಸಂಕಟವೂ ಆಯಿತು. ಆದರೂ ಅವನು ಎಡಕ್ಕೆ ವಾಲಿದ. ಸೀರೆಯ ಕಟ್ಟು ಮೊದಲು ಬಿತ್ತು, ಹಿಂದೆಯೇ ಮಾವ. ಬಿಳಿ ಮುಂಡು ಒಮ್ಮೆ ಮೇಲೆ ಬಂತು, ಇನ್ನೊಮ್ಮೆ ದೂರದಲ್ಲಿ ಬಂತು, ಆಮೇಲೆ ಬರಲಿಲ್ಲ. ಹದಿನೆಂಟು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ ಕೂಗನ್ನು ಸರ್ವೋತ್ತಮ ಕೂಗಿದ: "ಅಯ್ಯೋ, ಮಾವ ಬಿದ್ರು! ಯಾರಾದ್ರೂ ಬನ್ನಿ!"

ಅಲಿಯಬ್ಬ ಎರಡೂ ಕೈ ಬೀಸುತ್ತ ನೀರಿನಂಚಿಗೆ ಓಡಿ ಬಂದ. ಗಾಳಿಯಲ್ಲಿ ಅವನ ಕೂಗು ಚೂರುಚೂರಾಗಿ ಕೇಳಿಸಿತು. ಧಣಿಗಳ ಹೆಸರಿರಬೇಕೆಂದು ಸರ್ವೋತ್ತಮ ಕಿವಿಗೊಟ್ಟರೆ ಅಲ್ಲ, ಅವನು ಕೂಗುತ್ತಿದ್ದುದು ಬೇರೆ. "ದೋಣಿಗೆ ನೀರು ಕುಡಿಸಿದ್ರಾ ಸರ್ವೋತ್ತಮಣ್ಣ? ಬಿಸಿಲಿಗೆ ಒಣಗಿದ ದೋಣಿ ಮಾರಾಯ್ರೆ, ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಮರ ಉಬ್ಬದೆ ಇಳಿಸ್ತಾರಾ? ಹಲಗೆ ಹಲಗೆ ಬಿಟ್ಟಿರ್ತದೆ!" ಸರ್ವೋತ್ತಮ ಕೆಳಗೆ ನೋಡಿದ. ಹಲಗೆಗಳ ನಡುವಿನ ಪ್ರತಿಯೊಂದು ಸಂದಿನಿಂದಲೂ ನೀರು ಸದ್ದಿಲ್ಲದೆ ಏರಿ ಬರುತ್ತಿತ್ತು, ಆಗಲೇ ಅವನ ಮೊಣಕಾಲು ಮುಟ್ಟಿತ್ತು. ಬೆಂಗ್ರೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿಯನ್ನು ಹೇಳಿಕೊಡಬೇಕೆಂದು ಅಲಿಯಬ್ಬನಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ಇವನಿಗೆ ಹೊಳೆದಿರಲಿಲ್ಲ. ದೋಣಿ ಅಳಿವೆಯ ಕಡೆಗೆ ಮುಖ ತಿರುಗಿಸಿತು. ಸರ್ವೋತ್ತಮ ಮತ್ತೆ ಕೂಗಿದ, ಈ ಸಲ ಅಭ್ಯಾಸ ಮಾಡಿದ ಕೂಗಲ್ಲ. ಎರಡೂ ದಡ ಒಂದೇ ಸಮ ದೂರದಲ್ಲಿದ್ದವು.